ಅಕ್ಕೋರ ಬಲಗೈ ಮತ್ತು ಸೊಲ್ಲಾಪುರದಿಂದ ತಂದ ಕಾರ್ಡು

ಹೋದ ವಾರ ನಮ್ಮ ಆಫೀಸಿನ ಹಳೆಯ ಕಂಪ್ಯೂಟರ್ ಒಂದು ಚಾಲೂ ಆಗದೆ ಮೊಂಡುಹಠ ಹಿಡಿಯಿತು. ಡಬ್ಬಿ ಬಿಚ್ಚಿ, ಒಳಗಿನ ರ‍್ಯಾಮ್ ಪಟ್ಟಿಯನ್ನು ಹೊರತೆಗೆದು, ಅದರ ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ತಿಕ್ಕುತ್ತಿದ್ದೆ. ಬೆಚ್ಚನೆಯ ಧೂಳಿನ ವಾಸನೆಯ ಜೊತೆಗೆ ರಬ್ಬರಿನ ವಾಸನೆಯೂ ಮೂಗಿಗೆ ಬಂತು. ಕೈ ಅಲ್ಲೇ ನಿಂತುಬಿಟ್ಟಿತು. ಇಪ್ಪತ್ತು ವರ್ಷಗಳ ಹಿಂದೆ ವಿಜಾಪುರ ಜಿಲ್ಲೆಯ ಇಂಡಿ ಊರಲ್ಲಿ, ಪಕ್ಕದ ಮನೆಯ ನಡುಮನೆಯಲ್ಲಿ, ಇದೇ ವಾಸನೆಯ ನಡುವೆ ನಾನು ಬೆವರುತ್ತಾ ಕೂತಿದ್ದೆ... ಎದುರಿಗೆ ಅಕ್ಕೋರು ಇದ್ದರು.

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಅಂತ ಕರೆಯುತ್ತಾರೆ. ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯಲ್ಲಿದ್ದ ಅಕ್ಕೋರು ಕನ್ನಡ ಸಾಲಿಯಲ್ಲಿ ಒಂದನೇತ್ತಾ, ಅಂದರೆ ಒಂದನೇ ತರಗತಿ, ಕಲಿಸುತ್ತಿದ್ದರು. ಗಂಡ ಬಹಳ ಹಿಂದೆಯೇ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಚಡಚಣದಲ್ಲಿ ಒಬ್ಬ ತಂಗಿ ಬಿಟ್ಟರೆ ತಮ್ಮವರು ಅಂತ ಯಾರೂ ಇರಲಿಲ್ಲ. ಐವತ್ತರ ಹತ್ತಿರ ಇರಬೇಕು ಆಗ. ಎತ್ತರದ ದನಿ, ದೊಡ್ಡ ನಗು. ಆ ವರ್ಷ ಬ್ಯಾಸಗಿ ಮುಗಿಯುವ ಹೊತ್ತಿಗೆ ಅವರಿಗೆ ಲಕ್ವಾ ಹೊಡೆಯಿತು. ವಿಜಾಪುರದ ದವಾಖಾನೆಯಿಂದ ವಾಪಸು ಬಂದಾಗ ಮಾತು ಸರಿಯಾಗಿತ್ತು, ಕಾಲೂ ನಡೆಯುವಷ್ಟು ಆಗಿತ್ತು. ಬಲಗೈ ಮಾತ್ರ ಯಾರದೋ ಕೈಯಂತೆ ಮಡಿಲಲ್ಲಿ ಬಿದ್ದಿರುತ್ತಿತ್ತು.

ಅರ್ಧ ಪಗಾರದ ರಜೆ ದೀಪಾವಳಿ ಸೂಟಿಯವರೆಗೆ ನಡೆಯುತ್ತಿತ್ತು. ಆಮೇಲೆ ಹಾಜರಾಗಲೇಬೇಕು. ಒಂದನೇತ್ತಾ ಅಂದರೆ ಇಡೀ ದಿನ ಬೋರ್ಡಿನ ಮೇಲೆ ಬರೆಯುವುದೇ ಕೆಲಸ. ಬರೆಯಲು ಆಗದಿದ್ದರೆ ನೌಕರಿ ಬಿಡಿಸುತ್ತಾರೆ ಅಂತ ಯಾರೋ ಅವರ ಕಿವಿಗೆ ಹಾಕಿದ್ದರು. ಅಕ್ಕೋರು ಅದನ್ನು ನಗುತ್ತಲೇ ನಮ್ಮವ್ವನ ಮುಂದೆ ಹೇಳಿದರು. ನಕ್ಕಾದ ಮೇಲೆ ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದರು...

ನಾನಾಗ ಡಿಪ್ಲೊಮಾ ಮುಗಿಸಿ, ಬಸ್‌ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಕ್ಲಾಸಿನಲ್ಲಿ ಟೈಪಿಂಗ್ ಕಲಿಸುತ್ತಿದ್ದೆ. ಒಂದು ಸಂಜೆ ಅಕ್ಕೋರು ಅಡ್ಡಾಡುತ್ತಾ ಅಲ್ಲಿಗೆ ಬಂದರು. ಕ್ಲಾಸು ಮುಗಿಸಿದ ಹುಡುಗಿಯರಿಬ್ಬರು ಕಾರ್ ರೇಸಿನ ಆಟ ಆಡುತ್ತಿದ್ದರು. ಅಕ್ಕೋರು ನೋಡುತ್ತಾ ನಿಂತರು. ಆಮೇಲೆ ಎಡಗೈಯಿಂದ ಬಲಗೈಯನ್ನೆತ್ತಿ ಬಾಣದ ಗುರುತಿನ ಕೀಲಿಗಳ ಮೇಲೆ ಇಟ್ಟುಕೊಂಡು ಕೂತೇಬಿಟ್ಟರು. ಕಾರು ಎಡಕ್ಕೆ ಹೊರಳಿತು. ಅವರ ಬೆರಳೇ ಹೊರಳಿಸಿತ್ತು. ಆ ಮುಖವನ್ನು ನಾನು ಮರೆಯಲಾರೆ.

ಅವರ ಮನೆಯಲ್ಲೂ ಒಂದು ಕಂಪ್ಯೂಟರ್ ಇತ್ತು. ಪ್ರಶ್ನೆಪತ್ರಿಕೆ ಟೈಪ್ ಮಾಡಲೆಂದು ಕೊಂಡ ಹಳೆಯ ಯಂತ್ರ. ಮರುದಿನವೇ ಆ ಆಟದ ಸಿಡಿ ಒಯ್ದು ಹಾಕಿಕೊಟ್ಟೆ. ಚಿತ್ರ ತಡೆತಡೆದು ಓಡಿತು. ಕೀಲಿ ಒತ್ತಿ ಎಷ್ಟೋ ಹೊತ್ತಿಗೆ ಕಾರು ತಿರುಗುತ್ತಿತ್ತು, ಒಮ್ಮೊಮ್ಮೆ ತಿರುಗುತ್ತಲೇ ಇರಲಿಲ್ಲ. ಎರಡು ದಿನ ಆಡಿ ಅಕ್ಕೋರು ನನ್ನನ್ನು ಕರೆಸಿದರು.

"ನಾ ಒತ್ತಲಿಲ್ಲೋ, ಅದು ಕೇಳಲಿಲ್ಲೋ, ಗೊತ್ತ ಆಗವಲ್ದು ತಂಗಿ. ನನ್ನ ಬಟ್ಟಿನ ಮ್ಯಾಲೆ ನನಗ ನಂಬಿಕಿ ಇಲ್ಲದಂಗ ಆಗೇತಿ," ಅಂತ ಬಲಗೈಯ ಬೆರಳು ತೋರಿಸಿದರು.

ಅದಕ್ಕೆ ರ‍್ಯಾಮ್ ಹೆಚ್ಚಿಸಬೇಕು, ಗ್ರಾಫಿಕ್ಸ್ ಕಾರ್ಡ್ ಹಾಕಬೇಕು ಅಂದೆ. ಅಂದದ್ದೇನೋ ಅಂದೆ, ಆದರೆ ಅದುವರೆಗೆ ಒಂದು ಕಾರ್ಡನ್ನೂ ನಾನು ಕೈಯಾರೆ ಕೂರಿಸಿರಲಿಲ್ಲ. ಡಿಪ್ಲೊಮಾದಲ್ಲಿ ಮೇಷ್ಟ್ರು ಕೂರಿಸುವುದನ್ನು ದೂರ ನಿಂತು ನೋಡಿದ್ದೆ, ಅಷ್ಟೇ. ಅಕ್ಕೋರು ಹಿಂದೆಮುಂದೆ ನೋಡಲಿಲ್ಲ. "ಈ ದೀಪಾವಳಿಗೆ ಸೀರಿ ಬ್ಯಾಡ. ಒಂದು ಇಳಕಲ್ ಸೀರಿ ರೊಕ್ಕದಾಗ ಎರಡೂ ಬರಬೇಕು ನೋಡ," ಅಂದರು.

ಇಬ್ಬರೂ ಬಸ್ ಹಿಡಿದು ಸೊಲ್ಲಾಪುರಕ್ಕೆ ಹೋದೆವು. ಸೀರೆಯ ರೊಕ್ಕದಲ್ಲಿ ಹೊಸದು ಒಂದೇ ಬರುತ್ತಿತ್ತು. ಎರಡೂ ಬೇಕೆಂದರೆ ಹಳೆಯ ಸಾಮಾನು ಕೊಳ್ಳಬೇಕು. ಹಳೆಯ ಕಾರ್ಡು ನಡೆಯುತ್ತದೋ ಇಲ್ಲವೋ, ನಮ್ಮ ಮದರ್‌ಬೋರ್ಡಿಗೆ ಕೂಡುತ್ತದೋ ಇಲ್ಲವೋ... ಅಂಗಡಿಯವನು "ಪರತ್ ಘೇಣಾರ್ ನಾಹಿ" ಅಂತ ಮೊದಲೇ ಮರಾಠಿಯಲ್ಲಿ ಕಡ್ಡಿ ಮುರಿದಂತೆ ಹೇಳಿಬಿಟ್ಟ. ಒಮ್ಮೆ ಒಯ್ದರೆ ವಾಪಸು ಇಲ್ಲ. ನಾನು ಅಕ್ಕೋರ ಮುಖ ನೋಡಿದೆ.

"ಹಳೇವು ಎಲ್ಲಾ ಕೆಟ್ಟಿರ್ತಾವೇನು? ನನ್ನ ನೋಡ," ಅಂತ ನಕ್ಕು, ಅವನಿಗೆ ಕಟ್ಟಿಕೊಡಲು ಹೇಳಿದರು.

ವಾಪಸು ಬರುವಾಗ ಬಸ್ಸು ತಗ್ಗಿಗೆ ಇಳಿದಾಗಲೆಲ್ಲ ಮಡಿಲಿನ ಪೊಟ್ಟಣವನ್ನು ನಾನು ಮೇಲೆತ್ತಿ ಹಿಡಿಯುತ್ತಿದ್ದೆ. ಅಕ್ಕೋರು ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದರು.

ಮರುದಿನ ರವಿವಾರ. ಡಬ್ಬಿ ಬಿಚ್ಚಿ ಎರಡನ್ನೂ ಕೂರಿಸಿ ಬಟನ್ ಒತ್ತಿದೆ. ಪರದೆ ಕಪ್ಪಗೇ ಇತ್ತು. ಒಳಗಿನಿಂದ ಪೀಂ... ಪೀಂ... ಅಂತ ಉದ್ದನೆಯ ಕೂಗು ಮಾತ್ರ. ಬಂದ್ ಮಾಡಿ ಮತ್ತೆ ಹಚ್ಚಿದೆ. ಮತ್ತೆ ಅದೇ ಕೂಗು. ಇದ್ದದ್ದನ್ನೂ ಸುಟ್ಟುಬಿಟ್ಟೆನೇನೋ ಅನ್ನಿಸಿತು. ಮೇಷ್ಟ್ರು ಪಟ್ಟಿಯ ಅಂಚನ್ನು ರಬ್ಬರಿನಿಂದ ತಿಕ್ಕುತ್ತಿದ್ದದ್ದು ಹೇಗೋ ನೆನಪಾಯಿತು. ರಬ್ಬರು ಕೇಳಿದೆ. ಸಾಲಿಯ ಚೀಲದಿಂದ ಒಂದನ್ನು ತೆಗೆದು ಕೊಟ್ಟ ಅಕ್ಕೋರು, ನಾನು ತಿಕ್ಕುವುದನ್ನೇ ನೋಡುತ್ತಾ ಮೆತ್ತಗೆ ಕೇಳಿದರು:

"ನನ್ನ ಕೈ ಜಡ್ಡಿಗೆ ನಡಗತೈತಿ. ನಿನ್ನ ಕೈ ಯಾಕ ನಡಗಾಕತ್ತೈತಿ?"

"ಅಂಜಿಕಿ ಬಂದೈತ್ರಿ ಅಕ್ಕೋರ. ಕೆಡಸಿಬಿಟ್ಟೆ ಅಂದ್ರ?"

"ಕೆಟ್ರ ಕೆಡಲಿ. ಮೊದಲ ಉಸರು ಬಿಡು."

ಪಟ್ಟಿಯನ್ನು ಮತ್ತೆ ಕೂರಿಸಿ ಬಲವಾಗಿ ಅದುಮಿದಾಗ ಟಕ್ ಅಂದಿತು. ಹಿಂದಿನ ಸಲ ಆ ಸದ್ದು ಬಂದಿರಲೇ ಇಲ್ಲ. ಬಟನ್ ಒತ್ತಿದೆ. ಒಂದೇ ಒಂದು ಸಣ್ಣ ಪೀಂ... ಪರದೆ ಬೆಳಗಿತು. ಅವತ್ತು ಮಧ್ಯಾಹ್ನ ಅಕ್ಕೋರ ಕಾರು ಎಲ್ಲೂ ತಡೆಯದೆ ಓಡಿತು. ಗುದ್ದಿದರೂ ಅದು ಅವರೇ ಗುದ್ದಿದ್ದು, ಯಂತ್ರದ ತಪ್ಪಲ್ಲ. ಪ್ರತಿಸಲ ಗುದ್ದಿದಾಗಲೂ ಅವರು ಖುಷಿಯಿಂದ ಕೂಗುತ್ತಿದ್ದರು.

ನನ್ನ ಅಂಜಿಕೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವತ್ತು ರಾತ್ರಿ ಊಟಕ್ಕೆ ಕೂತಾಗ ಅವ್ವ ಅಂದಳು: "ಡಾಕ್ಟರು ಬಿ.ಪಿ. ಏರಬಾರದು, ಟೆನ್ಶನ್ ಮಾಡ್ಕೋಬಾರದು ಅಂದಾರ. ನೀ ನೋಡಿದ್ರ ಆಕಿ ಕೈಯಾಗ ಮೋಟಾರ ಓಡಸಾಕ ಹಚ್ಚೀದಿ. ಏನಾರ ಆದ್ರ?"

ಇದು ನನಗೆ ಹೊಳೆದೇ ಇರಲಿಲ್ಲ. ಮರುದಿನ ಅಕ್ಕೋರಿಗೆ ಹೇಳಿದರೆ, "ನೌಕರಿ ಹೋಗೋದ ನೆನಸಕೊಂಡು ಸುಮ್ಮ ಕುಂತ್ರ ಬಿ.ಪಿ. ಇಳೀತದೇನು?" ಅಂತ ನನ್ನನ್ನೇ ಕೇಳಿದರು.

ಅಲ್ಲಿಂದ ನನ್ನ ಕಿವಿ ಗೋಡೆಗೇ ಅಂಟಿಕೊಂಡಿತು. ಕ್ಲಾಸಿನಿಂದ ಬಂದವಳೇ ಆಚೆಯ ಸದ್ದು ಕೇಳುತ್ತಿದ್ದೆ. ಕಾರಿನ ಇಂಜಿನ್ ಏರುವುದು, ಇಳಿಯುವುದು, ಟೈರು ಕಿರುಚುವುದು. ಸದ್ದು ಇದ್ದರೆ ಅಕ್ಕೋರು ಇದ್ದಾರೆ. ಸದ್ದು ನಿಂತರೆ ನೀರು ಕುಡಿಯಲು ಎದ್ದರೇನೋ ಅಂದುಕೊಳ್ಳುತ್ತಿದ್ದೆ. ಮತ್ತೆ ಸದ್ದು ಕೇಳುವತನಕ ಗೋಡೆ ಬಿಟ್ಟು ಏಳುತ್ತಿರಲಿಲ್ಲ. ನಡುವೆ ಕರೆಂಟು ಹೋದರೂ ಎದ್ದು ಹೋಗಿ ಅವರ ಬಾಗಿಲಲ್ಲಿ ಇಣುಕುತ್ತಿದ್ದೆ. ಅವರಿಗೆ ಅದು ಗೊತ್ತಾಗಿತ್ತೋ ಏನೋ, ಬಾಗಿಲಿಗೆ ಚಿಲಕ ಹಾಕುವುದನ್ನೇ ಬಿಟ್ಟಿದ್ದರು.

ದೀಪಾವಳಿ ಹತ್ತಿರ ಬಂದಿತ್ತು. ಒಂದು ಇಳಿಹೊತ್ತು ಆಚೆಯಿಂದ ಬಂದ ಸದ್ದು ಬೇರೆಯಾಗಿತ್ತು. ಇಂಜಿನ್ ಏರಲೂ ಇಲ್ಲ, ಇಳಿಯಲೂ ಇಲ್ಲ. ನಿಂತಲ್ಲೇ ನಿಂತ ಕಾರಿನ ಗುರ್ ಗುರ್... ಕೀಲಿಯ ಮೇಲೆ ಕೈಯೇ ಇಲ್ಲದಾಗ ಬರುವ ಸದ್ದದು. ಸ್ವಲ್ಪ ಹೊತ್ತು ಕಾದೆ. ಬದಲಾಗಲಿಲ್ಲ. "ಅಕ್ಕೋರ!" ಅಂತ ಗೋಡೆ ಬಡಿದೆ. ಉತ್ತರ ಬರಲಿಲ್ಲ. ಚಪ್ಪಲಿ ಕೂಡ ಮೆಟ್ಟದೆ ಓಡಿದೆ.

ನಡುಮನೆಯಲ್ಲಿ ಪರದೆಯ ಮೇಲೆ ಕಾರು ರಸ್ತೆಯ ನಡುವೆ ನಿಂತಿತ್ತು. ಕುರ್ಚಿ ಖಾಲಿ. ಅಡುಗೆಮನೆಗೆ ನುಗ್ಗಿದೆ.

ಅಕ್ಕೋರು ನನಗೆ ಬೆನ್ನು ಮಾಡಿ ನಿಂತಿದ್ದರು. ಒಲೆಕಟ್ಟೆಯ ಕರಿಯ ಕಡಪಾ ಕಲ್ಲಿನ ಮೇಲಿನ ಪಾತ್ರೆಗಳನ್ನೆಲ್ಲ ಕೆಳಗಿಳಿಸಿದ್ದರು. ಬಲಗೈಯಲ್ಲಿ ಖಡು, ಬೋರ್ಡಿನ ಮೇಲೆ ಬರೆಯುವ ಸೀಮೆಸುಣ್ಣ, ಇತ್ತು. ಬಾಗಿ, ತುಟಿ ಕಚ್ಚಿಕೊಂಡು ಬರೆಯುತ್ತಿದ್ದರು. ಕರೆದದ್ದು ಅವರ ಕಿವಿಗೆ ಬಿದ್ದೇ ಇರಲಿಲ್ಲ. ಕಲ್ಲಿನ ತುಂಬ ಒಂದನೇತ್ತಾದ ಮೊದಲ ಅಕ್ಷರಗಳು. ರ, ಗ, ಸ, ದ... ಕೆಲವು ಸೊಟ್ಟ, ಕೆಲವು ಅರ್ಧಕ್ಕೇ ನಿಂತವು. ಕೊನೆಯ ಸಾಲಿನವು ಮಾತ್ರ ಓದುವ ಹಾಗಿದ್ದವು.

"ಬಟ್ಟ ಸಡಲ ಆದಂಗ ಅನಸ್ತು, ನೋಡೂಣಂತ ಎದ್ದೆ," ಅಂದರು ತಿರುಗಿ. "ಇಲ್ನೋಡ, 'ರ' ದುಂಡಗ ಬಂತು."

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟೆ. ಅವರು ಗಾಬರಿಯಾಗಿ ನೀರು ತಂದುಕೊಟ್ಟರು.

ಸೂಟಿ ಮುಗಿದ ಮೇಲೆ ಅಕ್ಕೋರು ಹಾಜರಾದರು. ಅವತ್ತು ಸಾಲಿ ಬಿಡುವತನಕ ನನಗೂ ಅವ್ವನಿಗೂ ಯಾವ ಕೆಲಸದಲ್ಲೂ ಮನಸ್ಸಿರಲಿಲ್ಲ. ಸಂಜೆ ಬಂದವರೇ ನಮ್ಮ ಕಟ್ಟೆಯ ಮೇಲೆ ಕೂತು ಹೇಳಿದರು. ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು ನೋಡುತ್ತಿದ್ದರಂತೆ. ಇವರು ಬರೆದರಂತೆ. ಹೆಡ್‌ಮಾಸ್ತರರು ತಲೆಯಾಡಿಸಿ ತಮ್ಮ ಕೋಣೆಗೆ ಹೋದರಂತೆ. ಮುಂದಿನ ಸಾಲಿನ ಹುಡುಗಿಯೊಂದು ಮಾತ್ರ ಎದ್ದು ನಿಂತು, "ಅಕ್ಕೋರ, ನಿಮ್ಮ ಅಕ್ಷರ ಗುಡ್ಡ ಏರಾಕತ್ತಾವ್ರಿ," ಅಂದಿತಂತೆ. ಅದನ್ನು ಹೇಳಿ ಅಕ್ಕೋರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

ಆಟದಿಂದಲೇ ಕೈ ಬಂತೇ? ವಿಜಾಪುರದ ಡಾಕ್ಟರು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಅಕ್ಕೋರು ಆಮೇಲೂ ಬಹಳ ವರ್ಷ ನೌಕರಿ ಮಾಡಿದರು. ನಾನು ಮದುವೆಯಾಗಿ ಮುದ್ದೇಬಿಹಾಳಕ್ಕೆ ಬಂದೆ. ಅವರು ನಿವೃತ್ತರಾಗಿ ತಂಗಿಯ ಜೊತೆ ಇರಲು ಚಡಚಣಕ್ಕೆ ಹೋದರು. ಮೊದಮೊದಲು ಫೋನಿನಲ್ಲಿ ಮಾತಾಗುತ್ತಿತ್ತು, ಬರಬರುತ್ತಾ ಹಬ್ಬಕ್ಕೊಂದು ಸಲ... ಆಮೇಲೆ ಅದೂ ಇಲ್ಲ.

ಕೆಲವು ವರ್ಷಗಳ ಹಿಂದೆ ಅವ್ವ ಫೋನ್ ಮಾಡಿದವಳು, ಯಾರದೋ ಮದುವೆ, ಯಾರದೋ ಜಗಳ ಎಲ್ಲ ಹೇಳಿ ಮುಗಿಸಿ, "ನಮ್ಮ ಬಾಜೂಮನಿ ಅಕ್ಕೋರು ಹ್ವಾದ್ರಂತವಾ," ಅಂದಳು. ಲಕ್ವಾ ಎರಡನೇ ಸಲ ಹೊಡೆದಿತ್ತಂತೆ. ಎರಡು ತಿಂಗಳು ಹಾಸಿಗೆಯಲ್ಲೇ ಇದ್ದರಂತೆ. ನನ್ನ ಬಾಯಿಂದ ಬಂದದ್ದು ಒಂದೇ ಮಾತು:

"ಯಾವ ಬಾಜು ಹೊಡದಿತ್ತಂತ, ಬಲಕೋ ಎಡಕೋ?"

"ಹ್ವಾದ ಮ್ಯಾಲೆ ಯಾವ ಬಾಜು ಆದ್ರೇನು?" ಅಂದಳು ಅವ್ವ. "ಅದನ್ನೆಲ್ಲಾ ನಾ ಹೆಂಗ ಕೇಳ್ಲಿ?"

ಈಗ ಅವರ ತಂಗಿಯೂ ಇಲ್ಲ. ಕೇಳಬೇಕೆಂದರೆ ಯಾರೂ ಉಳಿದಿಲ್ಲ. ಆ ಲಕ್ವಾ ಎಡಗಡೆಗೇ ಹೊಡೆದಿರಲಿ, ಬಲಗೈ ಕೊನೆಯವರೆಗೂ ಅವರದೇ ಆಗಿ ಉಳಿದಿರಲಿ ಅಂತ ಇವತ್ತಿಗೂ ಅಂದುಕೊಳ್ಳುತ್ತೇನೆ...