ಅವ್ವ ಓದದ ಬೋರ್ಡು

ಮಳವಳ್ಳಿಗೆ ಬಂದಿಳಿದ ಸಂಜೆ ಪಕ್ಕದ ಮನೆಯ ನಿಂಗಮ್ಮ ಬಂದು, ಇಟ್ಟು ಉಂಡ್ರಾ ಎಂದು ಕೇಳಿದಳು. ಹಸಿ ಹಿಟ್ಟು ತಿನ್ನುವವರಂತೆ ಕಂಡೆವೇ ಎಂದು ನನಗೆ ರೇಗಿಹೋಯಿತು. ರಾಗಿ ಮುದ್ದೆಯನ್ನು ಇವರು ಹಿಟ್ಟು ಎನ್ನುತ್ತಾರೆಂದು ಆಮೇಲೆ ತಿಳಿಯಿತು. ನಮ್ಮ ಧಾರವಾಡದಲ್ಲೇ ಉಳಿದ ನಿಮಗೆ ಇದನ್ನು ಓದಿ ನಗು ಬಂದೀತು. ಜೋಳದ ರೊಟ್ಟಿ ನೆನೆದು ನಾನು ಅತ್ತದ್ದೂ ಉಂಟು.

ನಮ್ಮವರಿಗೆ ಶಿವನಸಮುದ್ರದಲ್ಲಿ ಕರೆಂಟಿನ ಕೆಲಸ. ಅಲ್ಲಿ ಮನೆ ಸಿಗದೆ ನಾನೂ ನಾಲ್ಕು ವರ್ಷದ ಮಗಳು ಗಂಗೂನೂ ಮಳವಳ್ಳಿಯಲ್ಲಿ ಉಳಿದೆವು. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುವ ಬಸ್ಸು ಬಂದರೆ ಬಂತು. ಅವರು ಬರುವುದೇ ಅಪರೂಪ. ಊರಲ್ಲಾದರೆ ಮಗುವಿನ ಸುತ್ತ ಅತ್ತೆ, ನಾದಿನಿಯರು ಇರುತ್ತಿದ್ದರು. ಇಲ್ಲಿ ನಾನೊಬ್ಬಳೇ. ಹೊತ್ತು ಹೋಗದೆ, ಅಂಗಡಿಗೆ ಹೋಗುವಾಗ ದಾರಿಯ ಬೋರ್ಡುಗಳಲ್ಲೇ ಅವಳಿಗೆ ಅಕ್ಷರ ಕಲಿಸತೊಡಗಿದೆ. ಅವಳು ಬೆರಳು ತೋರಿಸಿ ಕೂಡಿಸಿ ಓದಬೇಕು. ನಾನೂ ಅದನ್ನೇ ಹೇಳಿದರೆ ಸರಿ ಎಂದು ಲೆಕ್ಕ. ಬಸ್ಸುಗಳ ಮೇಲಿನ ಮದ್ದೂರು, ಮಂಡ್ಯ ಎಲ್ಲ ಹೀಗೆಯೇ ಬಂದವು.

ದರ್ಜಿಯ ಅಂಗಡಿಯ ಬೋರ್ಡೊಂದನ್ನು ಮಾತ್ರ ನಾನು ಬೇಗ ದಾಟಿಸಿಬಿಡುತ್ತಿದ್ದೆ. ದರ್ಜಿಯದೂ ನಮ್ಮವರದೂ ಒಂದೇ ಹೆಸರು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದು ಹೇಗೆ?

ಒಂದು ಭಾನುವಾರ ಅವರು ಬಂದರು. ಮಗಳು ಓದುತ್ತಾಳೆಂದು ಕೇಳಿ ಹಿಗ್ಗಿಹೋಗಿದ್ದರು. ಅವಳನ್ನು ಎತ್ತಿಕೊಂಡು ನೆಟ್ಟಗೆ ಆ ಅಂಗಡಿಯ ಮುಂದೆಯೇ ನಿಂತು, ಇದನ್ನು ಓದು ಎಂದರು. ಗಂಗೂ ಮುಖ ತಿರುಗಿಸಿದಳು.

“ಅದು ಕೆಟ್ಟದ್ದು. ಅವ್ವ ಓದೂದಿಲ್ಲ.”

ಅವರ ಮುಖ ಸಣ್ಣದಾಯಿತು. ನನಗಂತೂ ನೆಲ ಬಿರಿಯಬಾರದೇ ಎನಿಸಿತು. ಜೊತೆಗಿದ್ದ ನಿಂಗಮ್ಮನೇ ಕಾಪಾಡಿದಳು.

“ನಿಮ್ಮವ್ವ ಅದ್ನ ಏಳಂಗಿಲ್ಲ ಕಣ್ಮಗ. ನಿಮ್ಮಪ್ಪನ ಎಸ್ರು ಅದು. ನೀನೇಳು.”

ಗಂಗೂ ತಡವರಿಸಿ ಓದಿದಳು. ಅವರು ನಕ್ಕರು, ಆದರೆ ಬಸ್ಸು ಹತ್ತುವಾಗ, ಮಗಳಿಗೆ ನನ್ನ ಹೆಸರೇ ಗೊತ್ತಿರಲಿಲ್ಲವಲ್ಲ ಎಂದರು.

ಊರಲ್ಲಿದ್ದಿದ್ದರೆ ಅತ್ತೆ ಮಗನನ್ನು ಕೂಗಿ ಕರೆಯುವುದು ಮಗುವಿನ ಕಿವಿಗೆ ಬಿದ್ದಿರುತ್ತಿತ್ತು. ಮದುವೆ ಮುಂಜಿಗಳಲ್ಲಿ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು ನನ್ನಿಂದಲೂ ಒಡಪಿನ ಪದ್ಯ ಕಟ್ಟಿಸಿ ಅದರಲ್ಲಿ ಆ ಹೆಸರು ಹೇಳಿಸುತ್ತಿದ್ದರು. ರೂಢಿ ನನ್ನ ಜೊತೆ ಬಂತು, ಅದನ್ನು ಸಡಿಲಿಸುವ ಜನ ಅಲ್ಲೇ ಉಳಿದರು. ಅದೇ ನನ್ನ ಕೊರಗು.

ಗಂಗೂ ಈಗ ನಿಂಗಮ್ಮನಂತೆಯೇ ಮಾತಾಡುತ್ತಾಳೆ. ನಿಮ್ಮೂರು ಯಾವುದೆಂದರೆ ಮಳವಳ್ಳಿ ಎನ್ನುತ್ತಾಳೆ. ಧಾರವಾಡ ಎಂದು ತಿದ್ದುವುದನ್ನು ನಾನು ಬಿಟ್ಟಿದ್ದೇನೆ. ದರ್ಜಿಯ ಅಂಗಡಿ ಬಂದಾಗಲೆಲ್ಲ ಅಪ್ಪನ ಹೆಸರನ್ನು ಗಟ್ಟಿಯಾಗಿ ಓದಿ, ಸರಿಯೋ ತಪ್ಪೋ ಎಂದು ನನ್ನ ಬಾಯನ್ನೇ ನೋಡುತ್ತಾ ನಿಲ್ಲುತ್ತಾಳೆ. ನಾನು ಮುಂದಿನ ಬೋರ್ಡು ತೋರಿಸುತ್ತೇನೆ.