ನೀಲಿ ಟಾರ್ಪಾಲು

ಗೀತಾಂಜಲಿ ಸುಳ್ಳುಗಾತಿ. ಇದನ್ನು ಮೃದು ಮಾಡಿ ಹೇಳುವುದರಲ್ಲಿ ಅರ್ಥವಿಲ್ಲ. ದೊಡ್ಡ ಸುಳ್ಳಿಗೆ ಬೇಕಾದ ಎದೆಗಾರಿಕೆ ಅವಳಿಗಿರಲಿಲ್ಲ. ಅವಳದ್ದೆಲ್ಲ ಸಣ್ಣ, ಅನುಕೂಲದ ಸುಳ್ಳುಗಳು. ಮದುವೆಗೆ ಹೋಗಲು ಮನಸ್ಸಿಲ್ಲದಿದ್ದರೆ ಅವಳಿಗೆ ಜ್ವರ ಬರುತ್ತಿತ್ತು. ಮೆಣಸು ಕೊಯ್ಯುವ ಏಣಿಯನ್ನು ಯಾರಾದರೂ ಕೇಳಿದರೆ ಅದರ ಮೆಟ್ಟಿಲು ಮುರಿದಿರುತ್ತಿತ್ತು. ನಲವತ್ತೊಂಬತ್ತು ವರ್ಷಗಳಲ್ಲಿ ಒಂದು ಸುಳ್ಳೂ ಅವಳ ಮೇಲೆ ತಿರುಗಿ ಬಿದ್ದಿರಲಿಲ್ಲ. ಹಾಗಾಗಿ ಅದು ದೋಷವೆಂದು ಅವಳಿಗೆ ಅನ್ನಿಸಿಯೂ ಇರಲಿಲ್ಲ.

ವಯನಾಡಿನ ಪೆರಿಕಲ್ಲೂರಿನಲ್ಲಿ, ಕಬಿನಿಯ ದಡದಿಂದ ಸ್ವಲ್ಪ ಮೇಲೆ ಅವಳ ಮನೆ. ಗಂಡ ಗುರುಮೂರ್ತಿಯ ಅಜ್ಜ ಹೊಳೆಯಾಚೆಯ ಕನ್ನಡ ನಾಡಿನ ಕೋಟೆ ಸೀಮೆಯಿಂದ ಬಂದು ಇಲ್ಲಿ ನೆಲೆನಿಂತವರು. ಬೇಲಿಯಾಚೆ ಅಮ್ಮಿಣಿಯ ಮನೆ. ಅರವತ್ತು ದಾಟಿದ ಮಲಯಾಳಿ ವಿಧವೆ. ಎಡ ಮಂಡಿ ಸರಿಯಾಗಿ ಮಡಚುವುದಿಲ್ಲ. ಮೂವತ್ತು ವರ್ಷದ ನೆರೆಹೊರೆಯಲ್ಲಿ ಅವಳು ಕನ್ನಡ ಕಲಿತಿದ್ದಳು, ತನ್ನದೇ ರೀತಿಯಲ್ಲಿ. ಅವಳಿಗೆ ಗೀತಾಂಜಲಿ ‘ಮೋಳೇ’, ಅಂದರೆ ಮಗಳು; ಗೀತಾಂಜಲಿಗೆ ಅವಳು ‘ಚೇಚಿ’, ಅಕ್ಕ. ಎರಡು ಮನೆಗೂ ಕಾಫಿ ಒಣಗಿಸಲು ಇದ್ದದ್ದು ಒಂದೇ ಸಿಮೆಂಟಿನ ಕಣ.

ಆ ಕಣಕ್ಕೆ ಹಿರಿಯರು ಮಾಡಿಟ್ಟ ಕಟ್ಟಳೆಯೊಂದಿತ್ತು. ಒಂದು ವಾರ ಈ ಮನೆಯವರು, ಮುಂದಿನ ವಾರ ಆ ಮನೆಯವರು ಎರಡೂ ಪಾಲನ್ನು ನೋಡಿಕೊಳ್ಳಬೇಕು. ದಿನಕ್ಕೆ ನಾಲ್ಕು ಸಲ ಕೆದಕಬೇಕು, ಸಂಜೆ ರಾಶಿ ಮಾಡಿ ಮುಚ್ಚಬೇಕು. ಮುಚ್ಚುವಾಗ ಮೊದಲು ನೆರೆಮನೆಯದು, ಆಮೇಲೆ ತನ್ನದು. ಸರದಿಯವರು ತಮ್ಮದನ್ನೇ ನೋಡಿಕೊಂಡು ಇನ್ನೊಬ್ಬರದ್ದನ್ನು ಮರೆಯಬಾರದೆಂದು ಹೀಗೆ ಮಾಡಿದ್ದು. ಗೀತಾಂಜಲಿಯ ಟಾರ್ಪಾಲು ನೀಲಿ, ಅಮ್ಮಿಣಿಯದು ಹಳದಿ. ಯಾವ ಬಣ್ಣ ಮುಚ್ಚಿದೆಯೋ ರಾಶಿ ಅವರದ್ದು. ವ್ಯಾಪಾರಿಯ ಜೀಪು ಬಂದಾಗಲೂ ಅದೇ ಲೆಕ್ಕ.

ಈ ಫೆಬ್ರವರಿಯಲ್ಲಿ, ಕಾಫಿಕಾಯಿ ಹರಡಿ ಹನ್ನೊಂದನೆಯ ದಿನಕ್ಕೆ, ಗೀತಾಂಜಲಿಯ ಸರದಿಯ ನಡುವೆ ಒಂದು ಶನಿವಾರ ಬಂತು. ಮೈಸೂರಿನ ಹಳೆಯ ಬಂಗಲೆಯೊಂದನ್ನು ಹತ್ತು ಕೋಣೆಯ ಹೋಟೆಲು ಮಾಡಿದ್ದರು. ಅದರ ಚಿತ್ರಗಳನ್ನು ಅವಳು ಫೋನಿನಲ್ಲಿ ತಿಂಗಳುಗಟ್ಟಲೆ ನೋಡಿದ್ದಳು. ಮಹಡಿಯ ಮೇಲೆ ಬೆತ್ತದ ಕುರ್ಚಿ, ಎದುರಿಗೆ ಹಳೆಯ ಮಾವಿನ ಮರ. ಅಲ್ಲಿ ಕೂತು ಇನ್ನೊಬ್ಬರು ಮಾಡಿದ ಕಾಫಿ ಕುಡಿಯಬೇಕು, ಅಷ್ಟೇ ಅವಳ ಆಸೆ. ಆ ಶನಿವಾರ, ಭಾನುವಾರ ಮಾತ್ರ ಬಾಡಿಗೆ ಅರ್ಧವಾಗಿತ್ತು.

“ಕಣದಲ್ಲಿ ಕಾಫಿ ಹಾಕ್ಕೊಂಡು ಮೈಸೂರಲ್ಲಿ ಮಲಗಾಕೆ ಹೋಗ್ತೀವಿ ಅಂದ್ರೆ ಜನ ಉಗೀತಾರೆ ಕಣೇ,” ಅಂದ ಗುರುಮೂರ್ತಿ.

“ಮಲಗಾಕೆ ಅಂತ ಯಾರು ಹೇಳ್ತಾರೆ? ಕಣ್ಣು ತೋರ್ಸಾಕೆ.”

“ಯಾರ ಕಣ್ಣು?”

“ನನ್ನವೇ. ನಿಮಗೆ ಸುಳ್ಳು ಹೇಳಾಕೆ ಬರಲ್ಲ ಅಂತ ಗೊತ್ತು. ಸುಮ್ಕೆ ಚೀಲ ಹಿಡ್ಕೊಂಡು ಬನ್ನಿ.”

ಅಮ್ಮಿಣಿಯ ಬಾಗಿಲಲ್ಲಿ ನಿಂತು, ಕಣ್ಣು ಮಂಜಾಗುತ್ತಿದೆ, ಮೈಸೂರಿನ ಆಸ್ಪತ್ರೆಯಲ್ಲಿ ಎರಡು ದಿನ ಆಗಬಹುದು ಎಂದಳು. ಅಮ್ಮಿಣಿ ಪೂರ್ತಿ ಕೇಳಲೇ ಇಲ್ಲ.

“ಕಣ್ಣಲ್ಲವಾ ಮೋಳೇ! ಅದಕ್ಕೆ ಕೇಳಬೇಕಾ? ಹೋಗು. ಕಳಂ ನಾನು ನೋಡ್ತೀನಿ.”

“ನಿಮ್ಮ ಮಂಡಿ, ಚೇಚಿ...”

“ಮಂಡಿ ಹಳೇ ಬಾಗಿಲು. ಕಿರ್ರ್ ಅನ್ನುತ್ತೆ, ಆದ್ರೂ ತೆಗೀತದೆ.”

ಬೆಳಗಿನ ದೋಣಿಯಲ್ಲಿ ಹೊಳೆ ದಾಟಿ, ಬೈರಕುಪ್ಪೆಯಲ್ಲಿ ಬಸ್ಸು ಹತ್ತಿ, ಮಧ್ಯಾಹ್ನದ ಹೊತ್ತಿಗೆ ಅವರು ಹೋಟೆಲು ಸೇರಿದರು. ಕೆಂಪು ಗಾರೆಯ ನೆಲ ಕನ್ನಡಿಯ ಹಾಗಿತ್ತು. ಮಂಚ ಎಷ್ಟು ಎತ್ತರವೆಂದರೆ ಹತ್ತಲು ಒಂದು ಮಣೆ ಇಟ್ಟಿದ್ದರು. ಹಂಸದ ಆಕಾರಕ್ಕೆ ಮಡಿಸಿಟ್ಟ ಟವೆಲನ್ನು ಬಿಚ್ಚಲು ಧೈರ್ಯ ಸಾಲದೆ ಗುರುಮೂರ್ತಿ ಪಂಚೆಯ ಚುಂಗಿನಲ್ಲೇ ಮುಖ ಒರೆಸಿಕೊಂಡ. ಗೀತಾಂಜಲಿ ಬೆತ್ತದ ಕುರ್ಚಿಯಲ್ಲಿ ಕೂತಳು. ಕಾಫಿ ಹಿತ್ತಾಳೆಯ ಲೋಟದಲ್ಲಿ ಬಂತು.

“ಇದು ವಯನಾಡಿನ ಕಾಫಿ ಮೇಡಂ,” ಎಂದ ತಂದವನು. “ಬಿಸಿಲಲ್ಲೇ ಒಣಗ್ಸಿದ್ದು. ದಿನಾ ಅದರ ಮುಂದೇನೇ ಕೂತಿರಬೇಕಂತೆ. ಭಾರೀ ಕಷ್ಟದ ಕೆಲಸ.”

“ಹೌದಾ?” ಎಂದಳು ಅವಳು, ಕಾಫಿ ಗಿಡವನ್ನೇ ಕಾಣದವಳ ಹಾಗೆ.

ಅವನು ಹೋದ ಮೇಲೆ ಗುರುಮೂರ್ತಿ ಅವಳನ್ನೇ ನೋಡಿದ. “ಅವನ ಹತ್ರಾನೂ ಯಾಕೆ?” ಎಂದ. ತಿಂಗಳುಗಟ್ಟಲೆ ಬಯಸಿದ ಕಾಫಿ ಅರ್ಧ ಲೋಟ ಹಾಗೇ ಉಳಿಯಿತು.

ಸಂಜೆ ದೇವರಾಜ ಮಾರುಕಟ್ಟೆಗೆ ಹೋದರು. ಗಾಜಿನ ಬಳೆ, ಊದುಬತ್ತಿ, ಅಮ್ಮಿಣಿಗೆಂದು ಒಂದು ಚಿಪ್ಪು ರಸಬಾಳೆ. ಆಮೇಲೆ ರಸ್ತೆಬದಿಯಲ್ಲಿ ಒಂದು ಕಪ್ಪು ಕನ್ನಡಕ.

“ಇದ್ಯಾಕೆ?”

“ಆಸ್ಪತ್ರೆಯಿಂದ ಬರೋರ ಕಣ್ಣಲ್ಲಿ ಏನಾದ್ರೂ ಬೇಡ್ವಾ?”

ಭಾನುವಾರ ಬೆಳಿಗ್ಗೆ ದೋಣಿ ನಡೆಸುವ ಸುಧೀಶನ ಫೋನು ಬಂತು. ನಿನ್ನೆ ಮೂರು ಗಂಟೆಗೆ ಊರಲ್ಲಿ ಹೇಳದೆ ಕೇಳದೆ ಮಳೆ ಹೊಡೆಯಿತಂತೆ. ಗುರುಮೂರ್ತಿ ಆಗಲೇ ಚೀಲಕ್ಕೆ ಕೈ ಹಾಕಿದ. ನೆನೆದ ಕಾಯನ್ನು ಮರುದಿನ ಬೆಳಗಿನಿಂದಲೇ ತೆಳ್ಳಗೆ ಹರಡಿ, ಕೈ ಬಿಡದೆ ಕೆದಕದಿದ್ದರೆ ಬೂಷ್ಟು ಹಿಡಿಯುತ್ತದೆ. ಇಬ್ಬರಿಗೂ ಅದು ಗೊತ್ತು.

“ಚೇಚಿ ಮುಚ್ಚಿರ್ತಾರೆ ಬುಡಿ,” ಎಂದಳು ಗೀತಾಂಜಲಿ. ಮಧ್ಯಾಹ್ನದ ಊಟ ಬಾಡಿಗೆಯಲ್ಲೇ ಸೇರಿತ್ತು. ಸೀರೆಯ ಅಂಗಡಿಯೂ ಬಾಕಿಯಿತ್ತು. ನವಿಲುಬಣ್ಣದ ಸೀರೆಯೊಂದನ್ನು ಕೊಂಡಳು. ಅಂಗಡಿಯವನು ಸೆರಗನ್ನು ಹರಡಿ ತೋರಿಸುವಾಗ ಅವಳ ಕಣ್ಣಿಗೆ ಕಂಡದ್ದು ಮಾತ್ರ ಕಣ. ಮಡಿಸಿ ಕೊಟ್ಟದ್ದನ್ನು ಚೀಲದ ತಳಕ್ಕೆ, ಗಂಡನ ಪಂಚೆಯೊಳಗೆ ಸುತ್ತಿ ತುರುಕಿದಳು.

ಸಂಜೆಯ ಕೊನೆಯ ದೋಣಿಯಲ್ಲಿ ಈಚೆ ದಡಕ್ಕೆ ಬಂದರು. ಕನ್ನಡಕ ಹಾಕಿಕೊಂಡು ಏರು ಹತ್ತಿದಳು. ಕಣ ಕಾಣುವ ಮೊದಲೇ ಹುಳಿ ವಾಸನೆ ಮೂಗಿಗೆ ಬಡಿಯಿತು.

ನೀಲಿ ಟಾರ್ಪಾಲಿನ ಕೆಳಗೆ ಅವಳ ರಾಶಿ ಬೆಚ್ಚಗಿತ್ತು, ಅಂಚಿನ ಸುತ್ತ ಕಲ್ಲು ಹೇರಿತ್ತು. ಅಮ್ಮಿಣಿಯ ಕಾಯಿ ಕಪ್ಪಾಗಿ, ಉಬ್ಬಿ, ಕಣದ ಇನ್ನೊಂದು ಮಗ್ಗುಲಲ್ಲಿ ಹರಡಿಕೊಂಡಿತ್ತು. ಮಂಡಿಗೆ ಬಟ್ಟೆ ಬಿಗಿದುಕೊಂಡು ಅಮ್ಮಿಣಿ ಅದನ್ನು ಮರದ ಹಲಗೆಯಿಂದ ಎಳೆಯುತ್ತಿದ್ದಳು.

“ಬಂದ್ಯಾ ಮೋಳೇ! ಡಾಕ್ಟರ್ ಏನು ಹೇಳಿದ್ರು?”

“ಚೇಚಿ, ನಿಮ್ಮದು...”

“ಅದು ಪೋಯಿ, ಹೋಯ್ತು. ಮಳೆ ಕಾಯಲಿಲ್ಲ. ನಿನ್ನದು ಮುಚ್ಚಿ, ನನ್ನ ಹಳದಿ ಬಿಚ್ಚೋದ್ರೊಳಗೆ ನೀರು ಹರೀತಿತ್ತು.”

“ನಿಮ್ಮದನ್ನ ಮೊದಲು ಮುಚ್ಚಬಾರದಿತ್ತಾ?”

“ಸರದಿ ನನ್ನದಲ್ಲವಾ?” ಅಮ್ಮಿಣಿಗೆ ಈ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ನಿನ್ನ ಕಣ್ಣಿಗೆ ಅಂತ ಅಮ್ಮನವರಿಗೆ ದೀಪ ಇಟ್ಟೆ. ಫೋನ್ ಮಾಡಲಿಲ್ಲ. ಆಸ್ಪತ್ರೆಯಲ್ಲಿದ್ದವರಿಗೆ ಯಾಕೆ ತಲೆಬಿಸಿ? ಹೇಳು, ಏನಂದ್ರು?”

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದಿರಲಿಲ್ಲ. “ಒಂದು ವಾರ ಬಿಸಿಲು ನೋಡ್ಬಾರ್ದಂತೆ,” ಎಂದುಬಿಟ್ಟಿತು ಗೀತಾಂಜಲಿಯ ಬಾಯಿ.

“ಹಾಗಾದ್ರೆ ನೀನು ಕಣಕ್ಕೆ ಇಳೀಬೇಡ. ಈ ವಾರ ಪೂರ್ತಿ ನಾನೇ.”

ಗುರುಮೂರ್ತಿ ಬಾಳೆಯ ಚಿಪ್ಪನ್ನು ಅಮ್ಮಿಣಿಯ ಜಗಲಿಯ ಮೇಲಿಟ್ಟು, ಹೆಂಡತಿಯ ಮುಖ ನೋಡದೆ ಒಳಗೆ ಹೋದ.

ಸೋಮವಾರ ಬೆಳಗಿನಿಂದ ಹಲಗೆ ಸಿಮೆಂಟಿನ ಮೇಲೆ ಉಜ್ಜುವ ಸದ್ದು. ಗುರುಮೂರ್ತಿ ಪುಲ್ಪಳ್ಳಿಯ ಪೇಟೆಗೆ ಹೋಗಬೇಕಿದ್ದವನು ಹೋಗದೆ ತಾನೂ ಒಂದು ಹಲಗೆ ಹಿಡಿದ. ಗೀತಾಂಜಲಿ ನಡುಮನೆಯಲ್ಲಿ ಕೂತಿದ್ದಳು. ಆ ಹೋಟೆಲಿನಲ್ಲೂ ಅವಳಿಗೆ ಇಷ್ಟು ಬಿಡುವು ಸಿಕ್ಕಿರಲಿಲ್ಲ. ಸದ್ದು ಸಮವಾಗಿ ಬರುತ್ತಿರಲಿಲ್ಲ. ಗಂಡನ ಹಲಗೆ ಉದ್ದಕ್ಕೆ ಎಳೆಯುತ್ತಿತ್ತು. ಅಮ್ಮಿಣಿಯದು ಎರಡು ಎಳೆತಕ್ಕೊಮ್ಮೆ ನಿಲ್ಲುತ್ತಿತ್ತು, ಮಂಡಿಗಾಗಿ.

ಕಟ್ಟಳೆಯನ್ನು ಅವಳು ಹಿಂದುಮುಂದಾಗಿ ಯೋಚಿಸಿ ನೋಡಿದಳು. ಎಲ್ಲಿಂದ ಹೊರಟರೂ ಬಂದು ನಿಲ್ಲುವುದು ಒಂದೇ ಕಡೆ. ತಾನು ಊರಲ್ಲಿದ್ದು ತನ್ನ ಸರದಿ ನಡೆಸಿದ್ದರೆ ಮೊದಲು ಮುಚ್ಚಬೇಕಾದದ್ದು ಅಮ್ಮಿಣಿಯ ರಾಶಿ. ನೆನೆಯುವುದಿದ್ದರೆ ತನ್ನದೇ ನೆನೆಯಬೇಕಿತ್ತು. ಕಣದಲ್ಲಿ ಬೂಷ್ಟು ಹಿಡಿಯುತ್ತಿದ್ದ ಆ ಕಾಯಿ ನ್ಯಾಯವಾಗಿ ತನ್ನದು.

ನಾಲ್ಕು ಗಂಟೆಗೆ ಹೊಳೆಯ ಕಡೆ ಮೋಡ ಕಟ್ಟಿತು. ಪಡುವಣದ ಬಿಸಿಲು ಇನ್ನೂ ಕಣ್ಣಿಗೆ ಹೊಡೆಯುವ ಹಾಗೇ ಇತ್ತು. ಗೀತಾಂಜಲಿ ಕನ್ನಡಕ ಹಾಕಿಕೊಂಡು ಕಣಕ್ಕೆ ಇಳಿದಳು.

“ಅಯ್ಯೋ, ಬಿಸಿಲು! ಒಳಗೆ ಹೋಗು ಮೋಳೇ!” ಅಮ್ಮಿಣಿ ಕೂಗಿದಳು.

“ಸರದಿ ನನ್ನದು ಚೇಚಿ. ಕೂತ್ಕೊಳ್ಳಿ.”

ಎರಡು ಮಗ್ಗುಲನ್ನೂ ಬೇರೆ ಬೇರೆ ರಾಶಿ ಮಾಡಿದಳು. ಮೊದಲು ಹಳದಿ ಟಾರ್ಪಾಲನ್ನು ಕೈಗೆತ್ತಿಕೊಂಡು, ಗರಿಗರಿ ಒಣಗಿದ ರಾಶಿಯ ಮೇಲೆ ಹೊದಿಸಿ, ಸುತ್ತ ಕಲ್ಲಿಟ್ಟಳು. ಆಮೇಲೆ ನೀಲಿಯನ್ನು ಎಳೆದುಕೊಂಡು ನೆನೆದ ರಾಶಿಯ ಕಡೆ ನಡೆದಳು.

ಮೆಟ್ಟಿಲ ಮೇಲೆ ಕೂತಿದ್ದ ಅಮ್ಮಿಣಿ ನಕ್ಕುಬಿಟ್ಟಳು. “ಗುರುಮೂರ್ತೀ, ನೋಡೋ ನಿನ್ನ ಹೆಂಡ್ತಿಯ ಕೆಲಸ! ಗೀತೇ, ಅದು ನನ್ನ ರಾಶಿ. ಬಣ್ಣವೂ ಕಾಣಿಸಲ್ವಾ ನಿನಗೆ? ಪಾವಂ, ಕಣ್ಣು ಅಷ್ಟು ಕೆಟ್ಟಿದೆಯಾ?”

ಗುರುಮೂರ್ತಿ ಹಲಗೆ ಹಿಡಿದು ನಿಂತಲ್ಲೇ ನಿಂತ. ಗೀತಾಂಜಲಿ ಹೌದು ಅಂದರೆ ಸಾಕಿತ್ತು. ಅದಲುಬದಲು ತಪ್ಪಿನಿಂದ ಆಯಿತೆಂದು ಇಬ್ಬರೂ ನಗುತ್ತ ಸರಿಪಡಿಸುತ್ತಿದ್ದರು. ಗೀತಾಂಜಲಿಯ ಒಣಗಿದ ಕಾಯಿ ಗೀತಾಂಜಲಿಗೇ ಉಳಿಯುತ್ತಿತ್ತು, ಸುಳ್ಳೂ ಉಳಿಯುತ್ತಿತ್ತು.

ಅವಳು ಕನ್ನಡಕ ತೆಗೆದು ಕಣದ ಕಟ್ಟೆಯ ಮೇಲಿಟ್ಟಳು. ಬಿಸಿಲಿಗೆ ಎದುರಾಗಿ, ರೆಪ್ಪೆ ಕಿರಿದು ಮಾಡದೆ, ಅಮ್ಮಿಣಿಯನ್ನು ನೇರ ನೋಡಿದಳು.

“ಕಾಣಿಸುತ್ತೆ ಚೇಚಿ. ಚೆನ್ನಾಗಿ ಕಾಣಿಸುತ್ತೆ. ಮೊದಲೂ ಕಾಣಿಸ್ತಿತ್ತು.”

ಅಮ್ಮಿಣಿಯ ನಗು ನಿಂತಿತು. ಗೀತಾಂಜಲಿ ಬಗ್ಗಿ, ನೀಲಿ ಟಾರ್ಪಾಲನ್ನು ಒದ್ದೆ ರಾಶಿಯ ಮೇಲೆ ಎಳೆದು, ಅಂಚಿಗೆ ಕಲ್ಲು ಇಡತೊಡಗಿದಳು.