ಮರಳಿನ ಮೇಲೆ ಕಲಿತ ಹಿಮ

ನಾನು ಗಲ್ಫಿನ ಮುಸಫ್ಫಾ ಕೈಗಾರಿಕಾ ಪ್ರದೇಶದ ಕ್ಲಿನಿಕ್ಕೊಂದರಲ್ಲಿ ನರ್ಸ್ ಆಗಿದ್ದಾಗಿನ ಮಾತು, 2014ರ ಸುಮಾರಿನದು. ಕೆನಡಾದಲ್ಲಿ ಕೆಲಸ ಸಿಕ್ಕಿತ್ತು. ಗಂಡನ ವೀಸಾ ತಡವಾಗುವುದಿತ್ತು. ಆರು ವರ್ಷದ ಮಗಳನ್ನು ಕರೆದುಕೊಂಡು ನಾನೇ ಮೊದಲು ಹೊರಡಬೇಕಿತ್ತು. ಅಲ್ಲಿಯ ಚಳಿಗಿಂತ ಹಿಮದಲ್ಲಿ ಕಾರು ಓಡಿಸುವ ಯೋಚನೆಯೇ ನನ್ನನ್ನು ಹೆದರಿಸಿತ್ತು. ಮಂಗಳೂರಿನವಳಾದ ನಾನು ಹಿಮ ಕಂಡದ್ದು ಫ್ರೀಜರಿನಲ್ಲಿ ಮಾತ್ರ.

ನಮ್ಮನ್ನು ದಿನಾ ಕ್ಲಿನಿಕ್ಕಿಗೆ ಕರೆತರುತ್ತಿದ್ದ ಬಸ್ ಡ್ರೈವರ್‌ನನ್ನು ಎಲ್ಲರೂ ಚಾಚಾ ಎನ್ನುತ್ತಿದ್ದೆವು. ಪಾಕಿಸ್ತಾನದ ಉತ್ತರದ, ಹಿಮ ಬೀಳುವ ಬೆಟ್ಟಗಳವರು, ಅರವತ್ತರ ಹತ್ತಿರದವರು. ನನ್ನ ಹೆದರಿಕೆ ಅವರ ಕಿವಿಗೂ ಬಿತ್ತು. "ಶುಕ್ರವಾರ ಕಾರು ತಗೊಂಡು ಬಾ ಬೇಟಿ," ಎಂದರು ತಮ್ಮ ಹಿಂದಿಯಲ್ಲಿ.

ವರ್ಕ್‌ಶಾಪುಗಳ ಹಿಂದೆ ಬಳಕೆಯಿಲ್ಲದ ರಸ್ತೆಯೊಂದಿತ್ತು. ಡಾಂಬರಿನ ಮೇಲೆ ಗಾಳಿ ತೆಳ್ಳಗೆ ಮರಳು ಹರಡಿತ್ತು. ಚಾಚಾ ಪಕ್ಕದಲ್ಲಿ ಕೂತು ಬ್ರೇಕ್ ಒತ್ತಲು ಹೇಳಿದರು. ಕಾರು ಅಡ್ಡಕ್ಕೆ ಜಾರಿತು. ಗಾಬರಿಯಾಗಿ ಇನ್ನೂ ಜೋರಾಗಿ ಒತ್ತಿದೆ.

"ಕಾಲು ತೆಗಿ. ಎಲ್ಲಿ ಹೋಗಬೇಕೋ ಅಲ್ಲಿ ನೋಡು, ಸ್ಟಿಯರಿಂಗ್ ಆ ಕಡೆ ಮೆಲ್ಲಗೆ ತಿರುಗಿಸು. ಮರಳೂ ಹಿಮದ ಹಾಗೇ ಜಾರುತ್ತೆ; ಹಿಮದ ಹತ್ತಿರ ಜಗಳ ಆಡಬಾರದು."

ಹೀಗೆ ಮೂರು ಶುಕ್ರವಾರ. ಕೊನೆಯ ದಿನ, ಇಷ್ಟೆಲ್ಲ ಹೇಗೆ ಕಲಿತಿರಿ ಎಂದು ಕೇಳಿದೆ. ಹೇಳಿದರು: "ತಪ್ಪು ಮಾಡಿ. ಊರಲ್ಲಿ ಹಿಮದ ಮೇಲೆ ಟ್ರಕ್ ಜಾರಿದಾಗ ಬ್ರೇಕ್ ಒತ್ತಿ ಹಿಡಿದುಬಿಟ್ಟೆ. ಪಕ್ಕದಲ್ಲಿ ಅಣ್ಣ ಇದ್ದ. ಅವನ ಒಂದು ಕಾಲು ಹೋಯಿತು. ಇವತ್ತಿನವರೆಗೂ ನನಗೆ ಒಂದು ಮಾತೂ ಅಂದಿಲ್ಲ."

ಆಮೇಲೆ ಅವರೇ, "ಯಲ್ಲಾ, ನಡಿ, ಇನ್ನೊಂದು ಸುತ್ತು," ಎಂದರು.

ಕೆನಡಾದ ಮೊದಲ ಡಿಸೆಂಬರಿನಲ್ಲಿ, ಮಗಳನ್ನು ಶಾಲೆಗೆ ಬಿಡಲು ಹೊರಟಾಗ, ಇಳಿಜಾರಿನಲ್ಲಿ ಕಾರು ಜಾರಿತು. ಎದುರಿಗೆ ಶಾಲೆಯ ಬಸ್ಸು ನಿಂತಿತ್ತು. ಬ್ರೇಕಿನಿಂದ ಕಾಲು ತೆಗೆದೆ, ಬಸ್ಸನ್ನು ನೋಡದೆ ಅದರ ಬದಿಯ ಖಾಲಿ ಜಾಗ ನೋಡಿದೆ. ಕಾರು ಮೆಲ್ಲಗೆ ಆ ಕಡೆ ತಿರುಗಿ, ಹಿಮದ ದಿಬ್ಬಕ್ಕೆ ಮೂತಿ ತಾಗಿಸಿ ನಿಂತಿತು. "ಆರ್ ವಿ ಸ್ಟಕ್, ಅಮ್ಮ?" ಎಂದಳು ಮಗಳು. ಅವಳಿಗೆ ಏನೂ ಗೊತ್ತಾಗಿರಲಿಲ್ಲ.

ಕಾರನ್ನು ಹಿಂದಕ್ಕೆ ತೆಗೆದು, ಮಗಳನ್ನು ಶಾಲೆಗೆ ಬಿಟ್ಟ ಮೇಲೆ ಚಾಚಾಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಅವರು ಕೇಳಿದರು, "ಅಲ್ಲಿಯ ಹಿಮ ಒದ್ದೆಯೋ, ಹಿಟ್ಟಿನ ಹಾಗೋ?"

ಕಿಟಕಿ ಇಳಿಸಿ, ಕಾರಿನ ಕನ್ನಡಿಯ ಮೇಲಿಂದ ಒಂದು ಹಿಡಿ ಹಿಮ ತೆಗೆದುಕೊಂಡು, ಬೆರಳ ನಡುವೆ ಉಜ್ಜಿ ನೋಡಿ ಹೇಳಿದೆ: "ಹಿಟ್ಟಿನ ಹಾಗೆ, ಚಾಚಾ."